ಇನ್ನೂರ ಹದಿನಾಲ್ಕನೇ ಪೊಟ್ಟಣ

ಗಂಡನಿಗೆ ವರ್ಗವಾದಾಗಲೆಲ್ಲ ಸಾಮಾನು ಕಟ್ಟುವುದರಲ್ಲಿ ಪದ್ಮಾವತಿಯನ್ನು ಮೀರಿಸುವವರಿರಲಿಲ್ಲ. ಉಮಾಕಾಂತ ವಿಮಾ ಕಚೇರಿಯ ನೌಕರ. ಹಾವೇರಿ, ಬೆಳಗಾವಿ, ಸೊಲ್ಲಾಪುರ ಎಂದು ಸುತ್ತಿ ಕಡೆಗೆ ಸೂರತ್ತಿಗೆ ಬಂದಿದ್ದ. ಪ್ರತಿ ಊರಿನಲ್ಲೂ ಅವಳು ಡಬ್ಬಿಗಳನ್ನು ಜೋಡಿಸಿ, ಕಿಟಕಿಗೆ ಪರದೆ ಹೊಲಿದು, ಮಗಳು ಚಿನ್ಮಯಿಗೆ ಶಾಲೆ ಹುಡುಕಿ, ಇನ್ನೇನು ನೆಲೆ ನಿಂತೆವು ಎನ್ನುವಷ್ಟರಲ್ಲಿ ಎಲ್ಲವನ್ನೂ ಬಿಚ್ಚಿ ಕಟ್ಟುತ್ತಿದ್ದಳು. ಅವಳ ಬಿ.ಕಾಂ. ಸರ್ಟಿಫಿಕೇಟು ನಾಲ್ಕು ಊರು ಕಂಡಿತೇ ಹೊರತು ಒಂದು ಕಚೇರಿಯ ಬಾಗಿಲನ್ನೂ ಕಾಣಲಿಲ್ಲ.

ಸೂರತ್ತಿನಲ್ಲಿ ಅವರ ಬಾಡಿಗೆ ಮನೆ ಕತಾರ್‌ಗಾಮ್‌ನಲ್ಲಿತ್ತು. ಕೆಳಗಿನ ಗಲ್ಲಿಯಲ್ಲಿ ಮಾವಜೀಭಾಯ್ ಎಂಬ ಶೇಠರ ವಜ್ರದ ಕಾರ್ಖಾನೆ. ಅಲ್ಲಿ ಕಂಪ್ಯೂಟರಿನಲ್ಲಿ ಟೈಪು ಮಾಡುವವರು ಬೇಕೆಂದು ಯಾರೋ ಹೇಳಿದರು. ಇವಳು ಹೋಗಿ ಕೇಳಿದಳು, ಅವರು ನಾಳೆಯಿಂದಲೇ ಬಾ ಎಂದರು. ಮೂವತ್ತಾರನೇ ವಯಸ್ಸಿನಲ್ಲಿ ಸಿಕ್ಕ ಮೊದಲ ನೌಕರಿ. ಆ ದಿನ ಮನೆಗೆ ಬಂದು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕಿದ್ದನ್ನು ಅವಳು ಇಂದಿಗೂ ನೆನೆಯುತ್ತಾಳೆ.

ಕೆಲಸವೇನೋ ಸರಳವಾಗಿತ್ತು. ಆ ಕಾರ್ಖಾನೆಯಲ್ಲಿ ಒಂದೊಂದು ಕಲ್ಲೂ ಒಂದೊಂದು ಕಾಗದದ ಪೊಟ್ಟಣದಲ್ಲಿರುತ್ತದೆ. ಪೊಟ್ಟಣದ ಮೇಲೆ ನಂಬರು, ತೂಕ. ಕೊಯ್ಯುವವನಿಂದ ಆಕಾರ ಕೊಡುವವನಿಗೆ, ಅವನಿಂದ ಹೊಳಪು ಕೊಡುವವನಿಗೆ ಅದು ಕೈಯಿಂದ ಕೈಗೆ ಹೋಗುತ್ತದೆ. ಹೊಳಪು ಕೊಡುವ ಚಕ್ರಕ್ಕೆ ಅಲ್ಲಿ ಘಂಟಿ ಎನ್ನುತ್ತಾರೆ. ಒಂದು ಘಂಟಿಯ ಸುತ್ತ ನಾಲ್ವರು ಗಾದಿಯ ಮೇಲೆ ಕೂತು ಕೆಲಸ ಮಾಡುತ್ತಾರೆ. ಯಾವ ಕಲ್ಲು ಯಾರ ಕೈಯಲ್ಲಿದೆ ಎಂಬುದನ್ನು ಕೆಂಪು ಬಟ್ಟೆಯ ರಟ್ಟಿನ ದೊಡ್ಡ ಪುಸ್ತಕದಲ್ಲಿ ಬರೆಯುತ್ತಿದ್ದರು, ಸಂಜೆ ಪದ್ಮಾವತಿ ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಎಲ್ಲರೂ ಅವಳನ್ನು ಕಂಪ್ಯೂಟರ್‌ವಾಲಿ ಬೆನ್, ಕಂಪ್ಯೂಟರಿನ ಅಕ್ಕ, ಎಂದು ಕರೆದರು. ಘಂಟಿಯ ಮುಂದೆ ಕೂತವರಿಗೆ ಮಾತ್ರ ಕಾರೀಗರ್, ಅಂದರೆ ಕುಶಲಕರ್ಮಿ, ಎಂಬ ಹೆಸರು. ಅದು ಅಲ್ಲಿ ಬಿರುದಿದ್ದಂತೆ. ಕುರ್ಚಿಯ ಮೇಲೆ ಕೂತವರಿಗೆ ಸಿಗುವುದಲ್ಲ.

ಮೂರು ವರ್ಷ ತುಂಬಿತು. ನಿಯಮದಂತೆ ಉಮಾಕಾಂತನಿಗೆ ವಡೋದರಾಕ್ಕೆ ವರ್ಗವಾಯಿತು. ಅವನು ಆರ್ಡರು ತಂದು ಮೇಜಿನ ಮೇಲಿಟ್ಟು, ಡಬ್ಬಿಗಳ ಕಡೆ ನೋಡಿದ. ಪದ್ಮಾವತಿ ಈ ಸಲ ಡಬ್ಬಿಗಳ ಕಡೆ ನೋಡಲಿಲ್ಲ.

"ಮನಿ ವಡೋದರಾದಾಗ ಇರ್ಲಿ, ನನ್ನ ನೌಕರಿ ಇಲ್ಲೇ ಇರ್ಲಿ. ನಡುವ ರೈಲ್ ಐತಲ್ರಿ," ಎಂದಳು.

ಉಮಾಕಾಂತ ಒಳ್ಳೆಯವನೇ, ಆದರೆ ಹೆಂಡತಿ ಎದುರು ಮಾತಾಡಿದ್ದನ್ನು ಅರಗಿಸಿಕೊಳ್ಳಲು ಅವನಿಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ತಾನೇ ಹೋಗಿ ಅವಳಿಗೆ ತಿಂಗಳ ಪಾಸು ಮಾಡಿಸಿಕೊಂಡು ಬಂದ. ವಡೋದರಾದ ಮಂಜಲ್‌ಪುರದಲ್ಲಿ ಮನೆ ಹಿಡಿದರು. ಬೆಳಗಿನ ರೈಲಿಗೆ ಸೂರತ್ತು, ಸಂಜೆಯ ರೈಲಿಗೆ ವಡೋದರಾ. ಗುಜರಾತಿನಲ್ಲಿ ಇದಕ್ಕೆ ಅಪ್‌ಡೌನ್ ಎನ್ನುತ್ತಾರೆ, ಸಾವಿರಾರು ಜನ ಅರ್ಧ ಆಯುಷ್ಯವನ್ನು ಅದರಲ್ಲೇ ಕಳೆಯುತ್ತಾರೆ.

ಹೆಂಗಸರ ಡಬ್ಬಿಯಲ್ಲಿ ಅವಳ ಜಾಗ ಜಸುಬೆನ್ ಎಂಬ ನರ್ಸಿನ ಪಕ್ಕದಲ್ಲಿತ್ತು. ಚಳಿಗಾಲದಲ್ಲಿ ಎಲ್ಲರೂ ಹಸಿ ತೊಗರಿ ಬಿಡಿಸುತ್ತಿದ್ದರು, ನರ್ಮದೆಯ ಸೇತುವೆ ಬಂದಾಗ ಕೈ ಮುಗಿಯುತ್ತಿದ್ದರು, ಕಿಮ್ ಸ್ಟೇಷನ್ ದಾಟಿದ ಮೇಲೆ ತಲೆ ಬಾಚಿಕೊಳ್ಳುತ್ತಿದ್ದರು. ಹೋಗಿ ಬರಲು ದಿನಕ್ಕೆ ನಾಲ್ಕು ತಾಸು. ಪದ್ಮಾವತಿ ಮೊದಲು ನಿದ್ದೆ ಮಾಡಿದಳು, ಆಮೇಲೆ ಹೆಣಿಗೆ ಹೆಣೆದಳು. ಒಂದು ದಿನ ಚಿನ್ಮಯಿ ರದ್ದಿಗೆ ಹಾಕಲು ತೆಗೆದಿಟ್ಟಿದ್ದ ಹನ್ನೊಂದನೇ ತರಗತಿಯ ಕಂಪ್ಯೂಟರ್ ಪುಸ್ತಕ ಕಣ್ಣಿಗೆ ಬಿತ್ತು. ಪ್ರೋಗ್ರಾಮ್ ಬರೆಯುವುದು ಹೇಗೆ ಎಂದು ಅದರಲ್ಲಿತ್ತು. ಹಾಳೆ ತಿರುವಿದಳು, ಏನೂ ತಿಳಿಯಲಿಲ್ಲ. ಅದೇ ಕಾರಣಕ್ಕೆ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಲ್ಯಾಪ್‌ಟಾಪ್ ಇರಲಿಲ್ಲ, ಇದ್ದಿದ್ದರೂ ಆ ನೂಕುನುಗ್ಗಲಿನಲ್ಲಿ ಬಿಚ್ಚಲು ಜಾಗವಿರಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಅವಳ ತಲೆ ಓಡುತ್ತಿದ್ದುದು ಕನ್ನಡದಲ್ಲಿ. ಹಾಗಾಗಿ ಎಡಗಡೆಯ ಪುಟದಲ್ಲಿ ತನಗೆ ಬೇಕಾದ್ದನ್ನು ಕನ್ನಡದಲ್ಲಿ ಬರೆದುಕೊಳ್ಳುವಳು: ಮೊದಲು ನಂಬರು ಕೇಳು, ಆಮೇಲೆ ಕಲ್ಲು ಯಾರ ಹತ್ತಿರ ಇದೆ ನೋಡು, ಇಲ್ಲದಿದ್ದರೆ ಹೊಸದಾಗಿ ಬರೆದುಕೋ. ಬಲಗಡೆಯ ಪುಟದಲ್ಲಿ ಅದನ್ನು ಪ್ರೋಗ್ರಾಮಿನ ಭಾಷೆಗೆ ತಿರುಗಿಸುವಳು. ಅದು ಸರಿಯೋ ತಪ್ಪೋ ನೋಡಲು ಕಂಪ್ಯೂಟರ್ ಬೇಕಲ್ಲ? ಡಬ್ಬಿಯ ಹೆಂಗಸರೇ ಕಂಪ್ಯೂಟರಾದರು.

ಒಬ್ಬೊಬ್ಬರ ಕೈಗೂ ಒಂದೊಂದು ಅಂಕಿಯ ಚೀಟಿ ಕೊಟ್ಟು ಅವಳು ಸಾಲು ಸಾಲಾಗಿ ಓದುವಳು, ಅವರು ಅಷ್ಟನ್ನೇ ಮಾಡಬೇಕು. ಮೊದಲ ದಿನ ಚೀಟಿಯನ್ನು ಪಕ್ಕದವರಿಗೆ ದಾಟಿಸಿ ಎಂದು ಓದಿದಳು. ಭರೂಚ್‌ನಿಂದ ಹೊರಟ ಚೀಟಿ ಅಂಕ್ಲೇಶ್ವರ ಬಂದರೂ ಸುತ್ತುತ್ತಲೇ ಇತ್ತು. ಸಾಕು ಸಾಕು ಎಂದಳು, ಯಾರೂ ನಿಲ್ಲಿಸಲಿಲ್ಲ. ಜಸುಬೆನ್ ಮುಖ ಗಂಭೀರ ಮಾಡಿಕೊಂಡು ಹೇಳಿದ್ದು ಇಷ್ಟೆ: "ನಿಲ್ಲಿಸು ಅಂತ ನೀನು ಬರೆದಿಲ್ಲ, ನಾವು ನಿಲ್ಲಿಸೋದಿಲ್ಲ." ಡಬ್ಬಿಗೆ ಡಬ್ಬಿಯೇ ನಕ್ಕಿತು. ನಕ್ಕು ಮುಗಿದ ಮೇಲೆ ಪದ್ಮಾವತಿ ಆ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಳು. ಮುಂದೆ ಅವಳು ಸೇರಿದ ಯಾವ ತರಗತಿಯಲ್ಲೂ ಅದಕ್ಕಿಂತ ಉಪಯೋಗದ ಪಾಠ ಸಿಗಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ನೋಟ್‌ಬುಕ್ಕಿನಲ್ಲಿದ್ದುದನ್ನು ಕಾರ್ಖಾನೆಯ ಕಂಪ್ಯೂಟರಿಗೆ ಹಾಕಿ ನೋಡುವಳು. ಹತ್ತು ಸಲ ಹಾಕಿದರೆ ಒಂಬತ್ತು ಸಲ ಕೆಂಪು ಅಕ್ಷರದಲ್ಲಿ ಬೈಗುಳ. ಎರಡು ವರ್ಷ, ಆರು ನೋಟ್‌ಬುಕ್ಕು. ಕಡೆಗೊಂದು ಸಂಕ್ರಾಂತಿ ಕಳೆದ ಮೇಲೆ ಅವಳ ಪ್ರೋಗ್ರಾಮು ಶೇಠರ ಮುಂದೆ ಓಡಿತು. ನಂಬರು ಒತ್ತಿದರೆ ಸಾಕು, ಕಲ್ಲಿನ ತೂಕ, ಅದು ಯಾರ ಕೈಯಲ್ಲಿದೆ, ಎಲ್ಲ ತಾನೇ ಬಂದು ಕೂರುತ್ತಿತ್ತು. ಮುಗಿದ ಕಲ್ಲುಗಳು ಬೇರೆ ಪಟ್ಟಿಗೆ ಹೋಗಿಬಿಡುತ್ತಿದ್ದವು. ಕೆಂಪು ಪುಸ್ತಕ ಇನ್ನು ಬೇಡ ಎಂದು ಅವಳೇ ಹೇಳಿದಳು. ಮನುಷ್ಯ ಮರೆಯುತ್ತಾನೆ, ಕಂಪ್ಯೂಟರ್ ಮರೆಯುವುದಿಲ್ಲ ಎಂದು ಎಲ್ಲರೆದುರು ಹಿಂದಿಯಲ್ಲಿ ಸಣ್ಣ ಭಾಷಣವನ್ನೂ ಮಾಡಿದಳು. ಕಾರೀಗರ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಎಲ್ಲರಿಗಿಂತ ಹಿರಿಯರಾದ ವಶರಾಮ್‌ಭಾಯ್ ಎದ್ದು ಬಂದು, ಬೆನ್ ಮೇಲೆ ನಂಬಿಕೆಯಿದೆ, ಮೊದಲು ನನ್ನ ಹೆಸರಿನ ಕಲ್ಲುಗಳನ್ನೇ ಹಾಕಿ ಎಂದರು. ಅಮ್ರೇಲಿ ಕಡೆಯ ರೈತರ ಮಗ, ನಲವತ್ತು ವರ್ಷದಿಂದ ಘಂಟಿಯ ಮುಂದೆ ಕೂತವರು. ಅವರು ಹೂಂ ಎಂದ ಮೇಲೆ ಉಳಿದವರೂ ಹೂಂ ಎಂದರು. ಕೆಂಪು ಪುಸ್ತಕ ಕಪಾಟಿನ ನೆತ್ತಿಗೇರಿತು.

ಪದ್ಮಾವತಿಯನ್ನು ಅಜಾಗರೂಕಳು ಎನ್ನುವಂತಿಲ್ಲ. ನಂಬರುಗಳು ವರ್ಷಕ್ಕೊಮ್ಮೆ ಮತ್ತೆ ಒಂದರಿಂದ ಶುರುವಾಗಬಹುದು ಎಂಬ ಅನುಮಾನ ಅವಳಿಗೂ ಬಂದಿತ್ತು. ಅಷ್ಟು ವರ್ಷ ಪುಸ್ತಕದ ನಂಬರನ್ನು ಕಂಡ ಹಾಗೇ ಏರಿಸಿದ್ದಳೇ ಹೊರತು ಅದು ಎಲ್ಲಿಂದ ಶುರುವಾಗುತ್ತದೆ ಎಂದು ಗಮನಿಸಿರಲಿಲ್ಲ. ಗಂಡನ ಕಚೇರಿಯಲ್ಲಿ ಏಪ್ರಿಲ್ ಒಂದಕ್ಕೆ ಎಲ್ಲ ಹೊಸದು. ಹಾಗಾಗಿ ಏಪ್ರಿಲ್ ಬರುವುದನ್ನೇ ಕಾದಳು. ಮಾರ್ಚ್ ಮೂವತ್ತೊಂದರ ಮರುದಿನವೂ ನಂಬರು ಹಾಗೇ ಮುಂದುವರಿಯಿತು. ಸರಿ, ಇಲ್ಲಿ ನಂಬರು ತಿರುಗುವುದೇ ಇಲ್ಲ ಎಂದು ತೀರ್ಮಾನಿಸಿ ಆ ಚಿಂತೆ ಬಿಟ್ಟಳು. ಯಾರನ್ನೂ ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ, ಏಕೆಂದರೆ ಅದು ಹೇಳಬೇಕಾದ ವಿಷಯವೆಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ದೀಪಾವಳಿಗೆ ಸೂರತ್ತಿನ ವಜ್ರದ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ. ಕಾರೀಗರ್‌ಗಳು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಹೋಗುತ್ತಾರೆ. ಪದ್ಮಾವತಿಯೂ ಹಾವೇರಿಗೆ ಹೋಗಿ, ಬಾಗಿಲಿಗೆ ಸಗಣಿಯ ಹಟ್ಟಿ ಲಕ್ಕವ್ವನನ್ನಿಟ್ಟು, ತುಳಸಿ ಲಗ್ನ ಮುಗಿಸಿಕೊಂಡೇ ಹಿಂದಿರುಗುತ್ತಿದ್ದಳು. ಶೇಠರು ಅದಕ್ಕೆ ಎಂದೂ ಅಡ್ಡಿ ಮಾಡಿರಲಿಲ್ಲ. ಆ ದಿನಗಳಲ್ಲಿ ಗುಮಾಸ್ತನೊಬ್ಬ ಅವಳ ಬದಲು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಆ ವರ್ಷವೂ ಹಾಗೇ ಮಾಡಿ, ಚೀಲದಲ್ಲಿ ಎಲ್ಲರಿಗೂ ಕರದಂಟು ತುಂಬಿಕೊಂಡು ಕತಾರ್‌ಗಾಮ್‌ಗೆ ಬಂದಳು.

ಒಳಗೆ ಕಾಲಿಟ್ಟಾಗ ಮೂರನೇ ಘಂಟಿಯ ಮುಂದೆ ಮೂವರು ಕೈ ಕಟ್ಟಿ ಕೂತಿದ್ದರು. ನಾಲ್ಕನೇ ಗಾದಿ ಖಾಲಿ. ವಶರಾಮ್‌ಭಾಯ್ ಬಾಗಿಲ ಬಳಿಯ ಬೆಂಚಿನ ಮೇಲೆ, ಕೆಲಸ ಕೇಳಲು ಬಂದವರು ಕೂರುವ ಜಾಗದಲ್ಲಿ, ನೆಲ ನೋಡುತ್ತ ಕೂತಿದ್ದರು.

ಹಿಂದಿನ ಸಂಜೆ ನಡೆದದ್ದನ್ನು ಶೇಠರೇ ಹೇಳಿದರು. ವಶರಾಮ್‌ಭಾಯ್‌ಗೆ ಇನ್ನೂರ ಹದಿನಾಲ್ಕನೇ ಪೊಟ್ಟಣ ಕೊಡಲಾಗಿತ್ತು. ಅದರಲ್ಲಿದ್ದದ್ದು ನಾಲ್ಕು ಕ್ಯಾರೆಟ್ಟಿನ ಕಲ್ಲು ಎನ್ನುತ್ತದೆ ಕಂಪ್ಯೂಟರು. ಅವರು ಮರಳಿಸಿದ್ದು ಅರ್ಧ ಕ್ಯಾರೆಟ್ಟಿನದು. ನನಗೆ ಕೊಟ್ಟದ್ದೇ ಇದು, ಪೊಟ್ಟಣದ ಮೇಲೂ ಇಷ್ಟೇ ಬರೆದಿದೆ ಎಂದು ಅವರ ಮಾತು. ಕಾಗದದ ಮೇಲೆ ಯಾರು ಬೇಕಾದರೂ ಬರೆಯಬಹುದು ಎಂದು ಉಳಿದವರ ಮಾತು. ತಿಜೋರಿ ನೋಡಿಕೊಳ್ಳುವ, ರಜೆಗೆ ಹೋದ ಮ್ಯಾನೇಜರು ಇನ್ನೂ ಹಳ್ಳಿಯಲ್ಲೇ ಇದ್ದ. ಫೋನು ಮಾಡಿದರೆ, ರಜೆಗೆ ಮುಂಚೆ ಎಷ್ಟೋ ಕಲ್ಲು ಕೈದಾಟಿವೆ, ನನಗೆಲ್ಲಿ ನೆನಪು, ಕಂಪ್ಯೂಟರು ನೋಡಿ ಎಂದ. ಕಲ್ಲು ಬದಲಾಯಿಸಿದ ಎಂಬ ಮಾತು ಬಿದ್ದರೆ ಸೂರತ್ತಿನಲ್ಲಿ ಯಾರೂ ಆ ಮನುಷ್ಯನನ್ನು ಘಂಟಿಯ ಹತ್ತಿರ ಸೇರಿಸುವುದಿಲ್ಲ. ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ ಮಾರುಕಟ್ಟೆಯ ಸಂಘಕ್ಕೆ ಹೆಸರು ಕೊಡುತ್ತೇನೆ ಎಂದರು ಶೇಠರು. ಹೇಳುವಾಗ ಅವರ ದನಿಯೂ ಸರಿಯಿರಲಿಲ್ಲ.

ಪದ್ಮಾವತಿ ಕಂಪ್ಯೂಟರಿನ ಮುಂದೆ ಕೂತು ನಂಬರು ಒತ್ತಿದಳು. ಇನ್ನೂರ ಹದಿನಾಲ್ಕು, ನಾಲ್ಕು ಕ್ಯಾರೆಟ್, ವಶರಾಮ್‌ಭಾಯ್. ತಾನು ಬರೆದ ಪ್ರೋಗ್ರಾಮು, ತಪ್ಪು ಹೇಳಲಾರದು. ತಲೆಯೆತ್ತಿ ಬೆಂಚಿನ ಕಡೆ ನೋಡಿದಳು. ಆ ಒಂದು ಕ್ಷಣ ಅವಳು ಆ ಮುದುಕನನ್ನು ಕಳ್ಳನೆಂದೇ ನಂಬಿದಳು. ಈ ಮಾತು ಹೇಳುವಾಗ ಈಗಲೂ ಅವಳ ಮುಖ ಕೆಂಪಾಗುತ್ತದೆ.

ಹಾಗೆ ನೋಡುವಾಗ ಅವರೂ ಇವಳ ಕಡೆ ನೋಡಿದರು. ಸಿಟ್ಟಿನಿಂದಲ್ಲ, ನೀನಾದರೂ ಬಂದೆಯಲ್ಲ ಎನ್ನುವ ಹಾಗೆ. ಪದ್ಮಾವತಿಗೆ ಕೂರಲಾಗಲಿಲ್ಲ. ಚೀಲದಿಂದ ನೋಟ್‌ಬುಕ್ಕು ತೆಗೆದುಕೊಂಡು ಹೋಗಿ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತಳು. ರೈಲಿನಲ್ಲಿ ಜಸುಬೆನ್ ಮಾಡುತ್ತಿದ್ದ ಕೆಲಸವನ್ನು ಈಗ ತಾನೇ ಮಾಡುವುದೆಂದು ನಿರ್ಧರಿಸಿದಳು: ಬರೆದಷ್ಟನ್ನೇ ಮಾಡುವುದು, ಬರೆಯದೇ ಇದ್ದದ್ದನ್ನು ಮಾಡದಿರುವುದು. ಪೆನ್ಸಿಲು ಹಿಡಿದು, ಕಾಕಾ, ರಜೆ ಮುಗಿದ ದಿನದಿಂದ ಒಂದೊಂದೇ ಹೇಳಿ ಎಂದಳು.

ಅವರು ನಿಧಾನವಾಗಿ ಹೇಳತೊಡಗಿದರು. ದೀಪಾವಳಿ ಕಳೆದ ಐದನೇ ದಿನ, ಲಾಭ ಪಂಚಮಿಗೆ ಬಾಗಿಲು ತೆಗೆದದ್ದು, ಘಂಟಿಗೆ ಕುಂಕುಮ ಹಚ್ಚಿದ್ದು, ಒಂದನೇ ಪೊಟ್ಟಣ ತಮಗೇ ಕೊಟ್ಟದ್ದು.

ಪೆನ್ಸಿಲು ನಿಂತಿತು. "ಒಂದನೇದಾ?"

"ಮತ್ತೆ? ಹೊಸ ವರ್ಷ ಅಲ್ಲವಾ ಬೆನ್. ನಾನು ಘಂಟಿಯ ಮುಂದೆ ಕೂತಾಗಿನಿಂದಲೂ ಲಾಭ ಪಂಚಮಿಗೆ ನಂಬರು ಒಂದರಿಂದಲೇ."

ಪದ್ಮಾವತಿ ಎಡಗಡೆಯ ಪುಟದ ತನ್ನದೇ ಕನ್ನಡದ ಸಾಲುಗಳನ್ನು ಓದಿದಳು. ನಂಬರು ಕೇಳು. ಆ ನಂಬರಿನ ಕಲ್ಲು ಮುಗಿಯದೆ ಉಳಿದಿದ್ದರೆ ಅದನ್ನೇ ಮುಂದುವರಿಸು. ಇಲ್ಲದಿದ್ದರೆ ಹೊಸದಾಗಿ ಬರೆದುಕೋ. ಹಳೆಯ ವರ್ಷದ ಒಂದರಿಂದ ಇನ್ನೂರ ಹದಿಮೂರರವರೆಗಿನ ಕಲ್ಲುಗಳು ಎಂದೋ ಮುಗಿದಿದ್ದವು, ಅವುಗಳ ನಂಬರಿಗೆ ಹೊಸ ಕಲ್ಲುಗಳು ಸರಾಗವಾಗಿ ಬಂದು ಕೂತವು. ಇನ್ನೂರ ಹದಿನಾಲ್ಕು ಮಾತ್ರ ಮುಗಿದಿರಲಿಲ್ಲ. ಒಳಗೆ ಬಿರುಕಿದ್ದ ಮೊಂಡು ಕಲ್ಲು ಅದು, ವರ್ಷದ ಬಹುಭಾಗ ತಿಜೋರಿಯಲ್ಲೇ ಇತ್ತು. ಅದನ್ನು ಕಂಪ್ಯೂಟರಿಗೆ ಏರಿಸಿದವಳೇ ಪದ್ಮಾವತಿ. ಈಗ ಹೊಸ ಇನ್ನೂರ ಹದಿನಾಲ್ಕು ಬಂದಾಗ ಪ್ರೋಗ್ರಾಮು ಹಳೆಯ ಕಲ್ಲಿನ ತೂಕವನ್ನು ಹಾಗೇ ಉಳಿಸಿ, ಅದು ಎಲ್ಲಿತ್ತು ಎಂಬುದನ್ನು ಅಳಿಸಿ, ಆ ಜಾಗದಲ್ಲಿ ವಶರಾಮ್‌ಭಾಯ್ ಎಂದು ಬರೆದಿತ್ತು. ಕಂಪ್ಯೂಟರ್ ಮರೆಯುವುದಿಲ್ಲ ಎಂದಿದ್ದಳಲ್ಲ, ಮರೆ ಎಂದು ಅವಳೇ ಹೇಳಿಕೊಟ್ಟಿದ್ದಳು.

ಆ ಬೆಂಚಿನ ಮೇಲೆ ಅವಳಿಗೆ ಎರಡು ದಾರಿ ಕಂಡವು. ಒಳಗೆ ಹೋಗಿ ಸದ್ದಿಲ್ಲದೆ ತಿದ್ದಿ, ಅಂಕಿ ಒತ್ತಿದ ಗುಮಾಸ್ತನ ಕೈತಪ್ಪು ಎನ್ನಬಹುದಿತ್ತು. ಪ್ರೋಗ್ರಾಮಿನ ಒಳಗೆ ಏನಿದೆ ಎಂದು ಆ ಕಾರ್ಖಾನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎರಡು ವರ್ಷದ ನೋಟ್‌ಬುಕ್ಕುಗಳು, ಗಂಡನೊಂದಿಗೆ ಹಟ ಹಿಡಿದು ಉಳಿಸಿಕೊಂಡ ನೌಕರಿ, ಎಲ್ಲ ಕಣ್ಣ ಮುಂದೆ ಬಂತು. ಅವಳು ಎದ್ದು ಹೋಗಿ ನಾಲ್ಕು ಘಂಟಿಗಳಿಗೂ ಕೇಳಿಸುವ ಹಾಗೆ ಶೇಠರಿಗೆ ಹೇಳಿದಳು:

"ವಶರಾಮ್‌ಕಾಕಾ ಏನೂ ಮಾಡಿಲ್ಲ. ತಪ್ಪು ನನ್ನದು. ಲಾಭ ಪಂಚಮಿಗೆ ನಂಬರು ತಿರುಗುತ್ತೆ ಅಂತ ನಾನು ಯಾರನ್ನೂ ಕೇಳಲಿಲ್ಲ, ಪ್ರೋಗ್ರಾಮಿಗೂ ಹೇಳಲಿಲ್ಲ."

ಕಲ್ಲು ಎಲ್ಲಿದೆ ಎಂಬ ಪ್ರಶ್ನೆ ಉಳಿದಿತ್ತು. ವಾರಕ್ಕೊಮ್ಮೆ ಅವಳು ಎಲ್ಲವನ್ನೂ ಇನ್ನೊಂದು ಕಡೆ ನಕಲು ಮಾಡಿಡುತ್ತಿದ್ದಳು. ರಜೆಗೆ ಮುಂಚಿನ ನಕಲು ತೆಗೆದು ನೋಡಿದರೆ ಇನ್ನೂರ ಹದಿನಾಲ್ಕರ ಮುಂದೆ, ಲೇಸರಿನಲ್ಲಿ ಕೊಯ್ಯಲು ಹೊರಗೆ ಕಳಿಸಿದೆ ಎಂದಿತ್ತು. ಫೋನು ಹೋಯಿತು. ಊರಿನ ಆ ತುದಿಯಲ್ಲಿದ್ದ ಲೇಸರಿನವರು ಅಂದೇ ಬಾಗಿಲು ತೆಗೆದಿದ್ದರು. ನಾಲ್ಕು ಕ್ಯಾರೆಟ್ಟಿನ ಕಲ್ಲು ಹಳೆಯ ಪೊಟ್ಟಣದಲ್ಲೇ ಅವರ ತಿಜೋರಿಯಲ್ಲಿ ತಣ್ಣಗೆ ಕೂತಿತ್ತು.

ಶೇಠರು ವಶರಾಮ್‌ಭಾಯ್ ಅವರ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಪದ್ಮಾವತಿಯ ಕಡೆ ತಿರುಗಿ, ಇನ್ನು ದೊಡ್ಡ ಕಂಪನಿಯ ಪ್ರೋಗ್ರಾಮೇ ತರಿಸುವುದು ವಾಸಿ ಎಂದರು. ಅವಳು ತಲೆಯಾಡಿಸಿದಳು, ಅದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತ್ತು. ಮಾತಾಡಿದವರು ವಶರಾಮ್‌ಭಾಯ್. ಕಲ್ಲಿನ ಮೂಲೆ ಮುರಿದರೆ ಮುಚ್ಚಿಡುವವರನ್ನು ನಲವತ್ತು ವರ್ಷದಿಂದ ನೋಡಿದ್ದೇನೆ, ತೋರಿಸಿದವರನ್ನು ನೋಡಿದ್ದು ಕಡಿಮೆ, ಈಕೆಯನ್ನು ಬಿಡಬೇಡಿ ಎಂದರು. ಶೇಠರು ಒಪ್ಪಿದರು. ಪದ್ಮಾವತಿ ತಂದಿದ್ದ ಕರದಂಟನ್ನು ಆ ಸಂಜೆಯೇ ಎಲ್ಲರೂ ತಿಂದರು.

ಅವಳು ನಿಜವಾಗಿ ಕಲಿಯತೊಡಗಿದ್ದು ಅಲ್ಲಿಂದ ಮುಂದೆ. ಪ್ರೋಗ್ರಾಮನ್ನು ಬುಡದಿಂದ ಬಿಚ್ಚಿದಳು. ಕಲ್ಲಿನ ಗುರುತಿಗೆ ನಂಬರಿನ ಜೊತೆ ವರ್ಷವನ್ನೂ ಸೇರಿಸಿದಳು, ಕಲ್ಲು ಕೈ ಬದಲಿಸಿದಾಗಲೆಲ್ಲ ಹೊಸ ಸಾಲು ಬರೆಯುವ ಹಾಗೆ ಮಾಡಿದಳು. ಯಾವ ಸಾಲನ್ನೂ ಯಾರೂ ಅಳಿಸುವಂತಿಲ್ಲ. ಭಾನುವಾರಗಳಂದು ವಡೋದರಾದಲ್ಲಿ ತನ್ನ ಮಗಳ ವಯಸ್ಸಿನವರ ಜೊತೆ ಕೂತು ತರಗತಿ ಕೇಳಿದಳು. ಅರ್ಜಿ ಹಾಕಿ ವಡೋದರಾದಲ್ಲೇ ಉಳಿದ ಉಮಾಕಾಂತ ಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುವುದನ್ನು ಕಲಿತ, ಅದನ್ನೊಂದು ದೊಡ್ಡ ಸಾಧನೆಯೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಪ್ರತಿ ಲಾಭ ಪಂಚಮಿಗೂ ಅವಳು ಕಾರ್ಖಾನೆಯಲ್ಲಿ ಹಾಜರು. ಹಾವೇರಿಗೆ ತುಳಸಿ ಲಗ್ನಕ್ಕೆ ಮಾತ್ರ ಹೋದಳು. ಲಾಭ ಪಂಚಮಿಯ ಪೂಜೆಯಲ್ಲಿ ಕಾರೀಗರ್‌ಗಳು ಘಂಟಿಯ ಸುತ್ತ ಕೂರುತ್ತಾರೆ, ಕಚೇರಿಯವರು ಗೋಡೆಯ ಪಕ್ಕ ನಿಲ್ಲುತ್ತಾರೆ. ಅವಳು ಗೋಡೆಯ ಪಕ್ಕ ನಿಂತು ನೋಡಿದಳು.

ಮಾವಜೀಭಾಯ್‌ಗೆ ಪ್ರೋಗ್ರಾಮು ಮಾರಲು ವಡೋದರಾದ ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದರು. ಇಲ್ಲಿದ್ದುದನ್ನು ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ಸಂದರ್ಶನಕ್ಕೆ ಕರೆದರು. ನೀವು ಮಾಡಿದ ಅತಿ ದೊಡ್ಡ ತಪ್ಪು ಯಾವುದು ಎಂಬ ಪ್ರಶ್ನೆಗೆ ಅವಳು ಮುಕ್ಕಾಲು ಗಂಟೆ ಉತ್ತರಿಸಿದಳು. ಬೇರೆ ಪ್ರಶ್ನೆ ಯಾರೂ ಕೇಳಲಿಲ್ಲ. ಕಂಪನಿ ಸೇರಿದಾಗ ಅವಳಿಗೆ ನಲವತ್ತನಾಲ್ಕು, ಅಲ್ಲಿನ ಹೊಸಬರಲ್ಲೆಲ್ಲ ಹಿರಿಯಳು. ಈಗ ಐವತ್ತು. ಹನ್ನೊಂದು ಜನರ ತಂಡ ಅವಳ ಕೈಕೆಳಗಿದೆ. ಸೂರತ್ತಿನಲ್ಲೂ ಅಹಮದಾಬಾದಿನ ಬಾಪುನಗರದಲ್ಲೂ ಅರವತ್ತಕ್ಕೂ ಹೆಚ್ಚು ಕಾರ್ಖಾನೆಗಳ ಕಲ್ಲುಗಳು ಅವಳು ಕಟ್ಟಿದ ಪ್ರೋಗ್ರಾಮಿನಲ್ಲಿ ಓಡಾಡುತ್ತವೆ. ಚಿನ್ಮಯಿ ಅರ್ಧ ಕನ್ನಡ ಅರ್ಧ ಗುಜರಾತಿಯಲ್ಲಿ, ನನ್ನ ರದ್ದಿ ಪುಸ್ತಕಕ್ಕೆ ನೀನು ಇನ್ನೂ ಥ್ಯಾಂಕ್ಸ್ ಹೇಳಿಲ್ಲ ಎಂದು ರೇಗಿಸುತ್ತಾಳೆ.

ಈ ವರ್ಷ ತಂಡಕ್ಕೆ ಸ್ಕಂದ ಎಂಬ ಮೈಸೂರು ಕಡೆಯ ತರುಣ ಸೇರಿದ. ಚುರುಕಾದವನು, ಸ್ವಲ್ಪ ಅವಸರದವನು. ಪ್ರೋಗ್ರಾಮಿಗೆ ಏನೇ ಬದಲಾವಣೆ ಮಾಡಿದರೂ ಮೊದಲು ಓಡುವ ಒಂದು ಪರೀಕ್ಷೆ ಅವನ ಕಣ್ಣಿಗೆ ಬಿತ್ತು. ಅದರ ಹೆಸರು ವಶರಾಮ್ ಇನ್ನೂರ ಹದಿನಾಲ್ಕು. ಮೇಲೆ ಕನ್ನಡದಲ್ಲಿ ಒಂದು ಸಾಲು ಟಿಪ್ಪಣಿ, ಆ ತಂಡದಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ: ಇದನ್ನು ತೆಗೆಯಬೇಡಿ, ಒಬ್ಬ ಮನುಷ್ಯನ ಹೆಸರು ಇದರ ಮೇಲೆ ನಿಂತಿದೆ.

"ಮೇಡಂ, ಇದು ಆರು ವರ್ಷದಿಂದ ಒಂದ್ಸಲಾನೂ ಫೇಲ್ ಆಗಿಲ್ಲ. ತೆಗೆದ್ಬಿಡೋಣ್ವಾ?" ಎಂದು ಕೇಳಿದ.

ಪದ್ಮಾವತಿ ಲಾಭ ಪಂಚಮಿಯ ಬೆಳಿಗ್ಗೆ ಆರಕ್ಕೆ ವಡೋದರಾ ಸ್ಟೇಷನ್ನಿಗೆ ಬಾ ಎಂದಳು.

ಕತಾರ್‌ಗಾಮ್‌ನಲ್ಲಿ ಅವರು ಒಳಗೆ ಬಂದಾಗ ಘಂಟಿಗಳಿಗೆ ಕುಂಕುಮ ಹಚ್ಚಿ ಆಗಿತ್ತು. ವಶರಾಮ್‌ಭಾಯ್‌ಗೆ ಈಗ ಕಣ್ಣು ಮಂಜು, ಕೆಲಸ ಬಿಟ್ಟು ಎರಡು ವರ್ಷವಾಗಿದೆ. ಆದರೆ ಮುಹೂರ್ತದ ಒಂದನೇ ಪೊಟ್ಟಣ ಇಂದಿಗೂ ಅವರ ಕೈಯಿಂದಲೇ ಹೋಗಬೇಕು. ಪದ್ಮಾವತಿ ಸ್ಕಂದನನ್ನು ಅವರ ಮುಂದೆ ನಿಲ್ಲಿಸಿ, ನೀನು ತೆಗೆಯಬೇಕೆಂದ ಪರೀಕ್ಷೆ ಇವರೇ ಎಂದಳು. ಹುಡುಗನಿಗೆ ತಕ್ಷಣ ತಿಳಿಯಲಿಲ್ಲ. ಅವಳು ನಡೆದದ್ದನ್ನೆಲ್ಲ ಚಿಕ್ಕದಾಗಿ ಹೇಳಿದಳು, ತಾನು ಒಂದು ಕ್ಷಣ ಅವರನ್ನು ಕಳ್ಳನೆಂದು ನಂಬಿದ್ದನ್ನೂ ಬಿಡಲಿಲ್ಲ. ಸ್ಕಂದ ಬಗ್ಗಿ ಮುದುಕನ ಕಾಲು ಮುಟ್ಟಿದ. ಆ ಪರೀಕ್ಷೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಪೂಜೆಗೆ ಹೊತ್ತಾಯಿತು. ಕಾರೀಗರ್‌ಗಳು ತಮ್ಮ ತಮ್ಮ ಗಾದಿಗಳಿಗೆ ಹೋದರು. ಪದ್ಮಾವತಿ ಪ್ರತಿ ವರ್ಷದಂತೆ ಗೋಡೆಯ ಕಡೆ ಸರಿದಳು. ವಶರಾಮ್‌ಭಾಯ್ ಒಂದನೇ ಪೊಟ್ಟಣ ಹಿಡಿದು ಮೂರನೇ ಘಂಟಿಯವರೆಗೆ ನಡೆದವರು ಅಲ್ಲೇ ನಿಂತರು. ಆ ನಾಲ್ಕನೇ ಗಾದಿ, ಅವರದ್ದೇ ಗಾದಿ, ಅಂದು ಖಾಲಿಯಿತ್ತು. ಅವರು ಸುತ್ತ ನೋಡಿ, ಗೋಡೆಯ ಬಳಿ ಅವಳನ್ನು ಗುರುತು ಹಿಡಿದು ಕೈ ಮಾಡಿದರು.

"ಇಲ್ಲಿ ಬಾ ಬೆನ್," ಎಂದರು. "ಕಾರೀಗರ್ ಗೋಡೆಗೆ ನಿಲ್ಲೋದಿಲ್ಲ."

ಯಾರೋ ಸರಿದು ದಾರಿ ಬಿಟ್ಟರು. ಪದ್ಮಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೋಗಿ ಆ ಗಾದಿಯ ಮೇಲೆ ಕೂತಳು. ಅವರು ಅವಳ ಹಣೆಗೆ ಕುಂಕುಮ ಹಚ್ಚಿ, ಒಂದನೇ ಪೊಟ್ಟಣವನ್ನು ಅವಳ ಕೈಯಲ್ಲಿಟ್ಟರು.